ಗ್ರೂಪಿನಲ್ಲಿ 140 ಹುಡುಗರು, ಗದ್ದೆಯಲ್ಲಿ ಆರೇ ಜನ

ಮಲ್ಪೆ ಹತ್ತಿರದ ನಮ್ಮೂರಿನ ಯುವಕ ಮಂಡಲದ ಓಡಾಟವೆಲ್ಲ ನನ್ನದು. ಕೊಯ್ಲು ಮುಗಿದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು ವಾಲಿಬಾಲ್ ಆಡುವುದು ನಮ್ಮಲ್ಲಿ ಹಳೆಯ ರೂಢಿ. ಎರಡು ವರ್ಷದ ಹಿಂದೆ ವಾಟ್ಸಾಪ್ ಗ್ರೂಪಿನಲ್ಲಿ 140 ಹುಡುಗರಿದ್ದರು. "ಸಂಜೆ ಐದಕ್ಕೆ ಆಟ" ಎಂದು ಹಾಕಿದರೆ ಸಾಲಾಗಿ ಹೆಬ್ಬೆರಳು ಬರುತ್ತಿತ್ತು. ಗದ್ದೆಗೆ ಬರುತ್ತಿದ್ದವರು ಆರೇ ಜನ. ಒಂದು ತಂಡಕ್ಕಷ್ಟೇ ಸಾಕು, ಅಲ್ವಾ?

ನಾನು ಮೊಬೈಲನ್ನೇ ದೂರಿದೆ. ಬಂದವರು ಫೋನನ್ನು ಬುಟ್ಟಿಗೆ ಹಾಕಬೇಕು ಎಂದೆ. ಮರುದಿನ ನಾಲ್ಕೇ ಜನ.

ಆಮೇಲೆ ಒಂದು ಹಳೆಯ ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 73 ಮನೆಗಳನ್ನು ಗಮನಿಸಿ, ಇಂಟರ್ನೆಟ್ ಜಾಸ್ತಿ ಬಳಸಿದವರ ಒಡನಾಟ ಕುಗ್ಗಿತು ಎಂದು 1998ರಲ್ಲಿ ಬರೆದಿದ್ದರು. 2002ರಲ್ಲಿ ಅವರೇ ಮತ್ತೆ ಬರೆದಾಗ ಆ ಕೆಡುಕು ಬಹುಪಾಲು ಹೋಗಿತ್ತು. ಬೆರೆಯುವ ಸ್ವಭಾವದವರಿಗೆ ಒಳ್ಳೆಯದೇ ಆಗಿತ್ತು, ಒಳಮುಖಿಗಳಿಗೆ ಮಾತ್ರ ಕೆಟ್ಟದ್ದೇ ಆಗಿತ್ತು. ಇನ್‌ಸ್ಟಾಗ್ರಾಂ ಹುಟ್ಟುವ ಮೊದಲಿನ ಮಾತು ಅದು. ಆದರೂ ನಮ್ಮ ಗ್ರೂಪೇ ಕಣ್ಣ ಮುಂದೆ ಬಂತು. ಗದ್ದೆಗೆ ಬರುವ ಆರು ಜನವೇ ಅಲ್ಲಿಯೂ ಹರಟುತ್ತಿದ್ದರು. ಉಳಿದವರು ಸುಮ್ನೆ ನೋಡುತ್ತಿದ್ದರು. ಗ್ರೂಪಿಗೆ ಹೇಳಿದ್ದನ್ನು ಪ್ರತಿಯೊಬ್ಬನೂ ಬೇರೆ ಯಾರಿಗೋ ಹೇಳಿದ್ದು ಎಂದುಕೊಳ್ಳುತ್ತಾನೆ.

ಹಾಗಾಗಿ ಗ್ರೂಪಿನಲ್ಲಿ ಕರೆಯುವುದು ಬಿಟ್ಟೆ. ದಿನಕ್ಕೆ ಇಬ್ಬರಿಗೆ, ಅವರವರಿಗೇ ಮೆಸೇಜ್. ಅದರಲ್ಲೊಂದು ಕೆಲಸ ಇರಲೇಬೇಕು.

ಪಿಯುಸಿ ಓದುವ ಒಬ್ಬ ಹುಡುಗ ಗ್ರೂಪಿನಲ್ಲಿ ಒಂದಕ್ಷರ ಬರೆದವನಲ್ಲ. ಆದರೆ ಅವನ ಸ್ಟೇಟಸ್‌ನಲ್ಲಿ ದಿನಾ ಹೊಸ ವಿಡಿಯೊ. "ನಾಳೆ ಪಂಪ್‌ಶೆಡ್ಡಿನಿಂದ ಲೈಟಿಗೆ ವೈರ್ ಎಳೀಬೇಕು, ನನ್ನೊಟ್ಟಿಗೆ ಬರ್ತೀಯಾ?" ಎಂದು ಕೇಳಿದೆ. ನೀಲಿ ಗೆರೆ ಬಿತ್ತು, ಉತ್ತರ ಇಲ್ಲ. ಮರುದಿನ ಐದಕ್ಕೆ ನೋಡಿದರೆ ಗದ್ದೆಯಂಚಿನಲ್ಲಿ ನಿಂತಿದ್ದಾನೆ, ಅಂಗಿ ಜೇಬಿನಲ್ಲಿ ಟೆಸ್ಟರ್.

"ಅಣ್ಣ, ಲೇಟ್ ಆಯ್ತಾ?"

ಆಟದ ವಿಡಿಯೊ ಮಾಡು ಎಂದು ಅವನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಮತ್ತೆ ಫೋನಿನ ಹಿಂದೆಯೇ ನಿಲ್ಲುತ್ತಿದ್ದ. ಎರಡು ವಾರ ಹೊರಗೆ ಹೋದ ಬಾಲ್ ಹೆಕ್ಕಿ ಕೊಟ್ಟ. ಮೂರನೇ ವಾರ ಒಬ್ಬ ಕಡಿಮೆಯಾದಾಗ ತಾನಾಗಿಯೇ ಒಳಗೆ ಬಂದ. ಮೊದಲ ಸರ್ವಿಸ್ ನೆಟ್ಟಿಗೆ ಬಡಿಯಿತು, ಎರಡನೆಯದು ದಾಟಿತು.

ಈಗ ಸಂಜೆಗೆ ಹದಿನೆಂಟು ಜನ ಸೇರುತ್ತಾರೆ. ಯಾರಿಗೆ ಮೆಸೇಜ್ ಹಾಕಬೇಕು ಎಂಬ ಪಟ್ಟಿ ಅವನ ಹತ್ತಿರವೇ ಇದೆ. ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬನಿಗೆ ಬರೆದಿದ್ದ: "ಬಾಲಿಗೆ ಗಾಳಿ ಹಾಕ್ಲಿಕ್ಕೆ ಪಂಪ್ ನಿಮ್ಮನೇಲಿ ಉಂಟಲ್ಲ, ನೀನೇ ತಾ."