ಚಿಕ್ಕಮಗಳೂರಿಂದ ಹೊರಟು ಅಟ್ಲಾಂಟಿಕ್ ದಾಟೋದು: ಹೊಸಬರು ಕಲೀಬೇಕಾದ್ದೇನು

ಚಿಕ್ಕಮಗಳೂರಿನವರು ಸಮುದ್ರ ನೋಡ್ಬೇಕಂದ್ರೆ ಚಾರ್ಮಾಡಿ ಇಳೀಬೇಕು, ಅಂಥದ್ರಲ್ಲಿ ಹಾಯಿದೋಣೀಲಿ ಅಟ್ಲಾಂಟಿಕ್ ದಾಟ್ತೀನಿ ಅಂದ್ರೆ ಮನೇಲಿ ನಗ್ತಾರೆ, ನಗ್ಲಿ ಬಿಡಿ. ಕಲಿಯೋರಿಗೆ ಒಳ್ಳೇ ರೂಟ್ ಅಂದ್ರೆ ಕೆನರಿ ದ್ವೀಪದ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾ, ಸುಮಾರು 2700 ನಾಟಿಕಲ್ ಮೈಲಿ, ಹೆಚ್ಚುಕಮ್ಮಿ ಮೂರು ವಾರ. ನವೆಂಬರ್ ಕೊನೆ ಹೊತ್ತಿಗೆ ಚಂಡಮಾರುತದ ಸೀಸನ್ ಮುಗೀತಾ ಬಂದಿರತ್ತೆ, ವಾಣಿಜ್ಯ ಮಾರುತ ಹಿಂದಿನಿಂದ ಬೀಸತ್ತೆ, ಸ್ವಂತ ಬೋಟ್ ಇರೋರಿಗೆ ರಾತ್ರಿ ಕಾವಲಿಗೆ ಜನ ಬೇಕಿರತ್ತೆ, ನಿಮಗೆ ಜಾಗ ಸಿಗೋದೇ ಹಂಗೆ.

ಹಾಯಿ ಎತ್ತೋದು ಇಳಿಸೋದು, ಹಗ್ಗದ ಹೆಸರು ಇದೆಲ್ಲ ಮುಂಚೆನೇ ಗೋವಾದಲ್ಲೋ ಮುಂಬೈಲೋ ಕೋರ್ಸ್ ಮಾಡಿ ಕಲ್ತುಬಿಡಿ. ಜಾರದ ಕುಣಿಕೆ ಮಾಡೋ ಬೋಲೈನ್ ಗಂಟಂತೂ ಕಣ್ಮುಚ್ಚಿ ಹಾಕೋಕೆ ಬರಬೇಕು.

ನಡು ಸಮುದ್ರದ ದೊಡ್ಡ ಪಾಠ ಇರೋದು ರಾತ್ರಿ ವಾಚಲ್ಲಿ. ಮೂರು ಜನ ಇದ್ರೆ ಮೂರು ಗಂಟೆ ವಾಚ್, ಆರು ಗಂಟೆ ರೆಸ್ಟ್, ರೆಸ್ಟ್ ಸಿಕ್ಕಾಗ ಸುಮ್ನೆ ಮಲಗಿ, ಫೋಟೋ ಆಮೇಲೆ. ಮೊದಮೊದಲು ವಾಂತಿ ಕಾಡತ್ತೆ, ಮಾತ್ರೆ ಹೊರಡೋ ಮುಂಚೆನೇ ನುಂಗಿ. ಕ್ಯಾಬಿನ್ನಿಂದ ಮೇಲೆ ಬರೋವಾಗ ಇನ್ನೂ ಮೆಟ್ಟಿಲ ಮೇಲಿರೋವಾಗ್ಲೇ ಹಾರ್ನೆಸ್ (ಬಿದ್ದುಹೋಗದ ಹಾಗೆ ಮೈಗೆ ಹಾಕ್ಕೊಳ್ಳೋ ಬೆಲ್ಟ್) ಕೊಕ್ಕೆ ಬೋಟಿಗೆ ಸಿಗಿಸ್ಕೊಳ್ಳಿ. ದೂರದಲ್ಲಿ ಹಡಗಿನ ಲೈಟ್ ಕಂಡ್ರೆ ಕೈ ಕಂಪಾಸಲ್ಲಿ ಅದರ ದಿಕ್ಕು ನೋಡಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ, 240 ಡಿಗ್ರಿ ಇದ್ದಿದ್ದು 240ರಲ್ಲೇ ಇದ್ದು ಲೈಟ್ ಹತ್ತಿರ ಆಗ್ತಿದ್ರೆ ಡಿಕ್ಕಿಯಾಗೋ ದಾರೀಲಿದೀರಿ ಅಂತ, ಸ್ಕಿಪ್ಪರ್‌ನ (ಬೋಟಿನ ಕ್ಯಾಪ್ಟನ್) ಎಬ್ಬಿಸಿ, ಬೈದ್ರೆ ಬೈಸ್ಕೊಳ್ಳಿ. ದಿಗಂತದಲ್ಲಿ ಕಂಡ ದೊಡ್ಡ ಹಡಗು ಇಪ್ಪತ್ತು ನಿಮಿಷದೊಳಗೆ ಪಕ್ಕದಲ್ಲಿರಬಹುದು, ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಸುತ್ತ ಕಣ್ಣಾಡಿಸಿ. ಸುತ್ತಲಿನ ಹಡಗು ಎಲ್ಲಿದೆ ಅಂತ ತೋರ್ಸೋ ಎಐಎಸ್ ಇದೆಯಲ್ಲ ಅಂತ ಸ್ಕ್ರೀನ್ ನೋಡ್ತಾ ಕೂರ್ಬೇಡಿ, ಎಷ್ಟೋ ಚಿಕ್ಕ ಬೋಟಲ್ಲಿ ಅದು ಇರೋದೇ ಇಲ್ಲ.

ಬೆಳಗಾದ್ಮೇಲೆ ಹಗ್ಗ ನೋಡೋ ಕೆಲಸ. ಒಂದೇ ಕಡೆ ಹಗಲೂ ರಾತ್ರಿ ಉಜ್ಜಿದ್ರೆ ಎಂಥಾ ಹಗ್ಗನೂ ಸವೆಯತ್ತೆ, ರಾಟೆ ಹಾದು ಬರೋ ಜಾಗನ ಕೈಯಲ್ಲಿ ಸವರಿ, ನಾರು ಎದ್ದಿದ್ರೆ ಸ್ಕಿಪ್ಪರ್‌ಗೆ ಹೇಳಿ ಎರಡಿಂಚು ಸಡಿಲ ಬಿಡ್ಸಿ, ಉಜ್ಜೋ ಜಾಗ ಬದ್ಲಾಗತ್ತೆ. ಗಾಳಿ ಹಿಂದಿನದಾದ್ರಿಂದ ಬೂಮ್ (ಹಾಯಿಯ ಕೆಳಗಿನ ಅಡ್ಡ ಕಂಬ) ದಿಢೀರಂತ ಆ ಕಡೆಗೆ ಬೀಸಿದ್ರೆ ತಲೆ ಒಡೆಯತ್ತೆ, ಅದನ್ನ ತಡೆಯೋಕೆ ಪ್ರಿವೆಂಟರ್ ಅಂತ ಹಗ್ಗ ಕಟ್ಟಿರ್ತಾರೆ, ಬಿಚ್ಚೋದು ಹೆಂಗೆ ಅಂತ ಮೊದಲ ದಿನವೇ ಕೇಳಿ.

ಲಾಗ್‌ಬುಕ್ ಅಂತೂ, ಮಳೆ ಎಷ್ಟು ಇಂಚು ಎಷ್ಟು ಸೆಂಟ್ ಅಂತ ದಿನಾ ಡೈರೀಲಿ ಬರೆಯೋ ತೋಟದ ಮನೆಯವರಿಗೆ ಹೊಸದೇನಲ್ಲ, ಗಂಟೆಗೊಮ್ಮೆ ಜಾಗ, ದಿಕ್ಕು, ವೇಗ, ಗಾಳಿ, ಬ್ಯಾರೋಮೀಟರ್ ಬರೆದಿಡಿ.

ಸೂರ್ಯ ನಕ್ಷತ್ರದ ಎತ್ತರ ಅಳೆಯೋ ಸೆಕ್ಸ್‌ಟೆಂಟ್ ಹಠ ಈಗಲೇ ಬೇಡ, ಧ್ರುವ ನಕ್ಷತ್ರ ಸಾಕು. ದಿಗಂತದಿಂದ ಅದು ಎಷ್ಟು ಡಿಗ್ರಿ ಮೇಲಿದ್ಯೋ ಹೆಚ್ಚುಕಮ್ಮಿ ಅದೇ ನಿಮ್ಮ ಅಕ್ಷಾಂಶ, ಕೈ ನೆಟ್ಟಗೆ ಚಾಚಿದ್ರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಲಾಸ್ ಪಾಲ್ಮಾಸಲ್ಲಿ 28, ಸೇಂಟ್ ಲೂಸಿಯಾದಲ್ಲಿ 14, ನಮ್ಮಲ್ಲಿ 13 ಚಿಲ್ರೆ, ಹಾಗಾಗಿ ಉತ್ತರಕ್ಕೆ ಗುಡ್ಡ ಮರ ಅಡ್ಡ ಇಲ್ಲದ ಕಾಫಿ ಕಣದಲ್ಲಿ ನಿಂತ್ರೂ ಪ್ರಾಕ್ಟೀಸ್ ಆಗತ್ತೆ.

ಅಡುಗೆ ಪಾಳಿ ಬಂದ್ರೆ ಕುಕ್ಕರ್ ಇದ್ಯಾ ಕೇಳಿ, ಮುಚ್ಚಳ ಲಾಕ್ ಆಗೋದ್ರಿಂದ ಬೋಟ್ ವಾಲಿದ್ರೂ ಚೆಲ್ಲಲ್ಲ, ಅರ್ಧ ಮಾತ್ರ ತುಂಬಿ.

ಕೆನರಿ ಸ್ಪೇನಿಗೆ ಸೇರಿದ್ದು, ನಮ್ಮ ಪಾಸ್‌ಪೋರ್ಟ್‌ಗೆ ಶೆಂಗನ್ ವೀಸಾ ಬೇಕು. ಸ್ಪೇನ್ ಬಿಡೋದು ಬೋಟಲ್ಲಿ, ಊರಿಗೆ ವಾಪಸ್ ಬರೋದು ಆಚೆ ದಡದಿಂದ, ಆದ್ರಿಂದ ಸ್ಕಿಪ್ಪರ್ ಪತ್ರ, ಬೋಟ್ ದಾಖಲೆ ಅರ್ಜಿ ಜೊತೆ ಇಡಿ, ಹೊರಡೋ ದಿನ ಬಂದರಿನ ಪೊಲೀಸ್ ಹತ್ರ ಹೋಗಿ ದೇಶ ಬಿಟ್ಟಿದ್ದು ದಾಖಲಾಗಿದ್ಯಾ ಅಂತ ನೋಡ್ಕೊಂಡೇ ಬೋಟ್ ಹತ್ತಿ.