ಮನೆಯೊಳಗೆ ಕಾಲೆತ್ತುವ ಗಂಡುನಾಯಿ: ಮಳೆಗಾಲದ ಮಲೆನಾಡಿನಲ್ಲಿ ಈ ಅಭ್ಯಾಸ ಬಿಡಿಸುವುದು ಹೇಗೆ?

ಮರಿಯಾಗಿದ್ದಾಗ ಅಂಗಳಕ್ಕೇ ಹೋಗಿ ಮೂತ್ರ ಮಾಡುವುದನ್ನು ಚೆನ್ನಾಗಿ ಕಲಿತಿದ್ದ ಗಂಡುನಾಯಿ, ಆರು ತಿಂಗಳಿನಿಂದ ಒಂದು ವರ್ಷದೊಳಗೆ ಪ್ರಾಯಕ್ಕೆ ಬರುತ್ತಿದ್ದಂತೆ ಹಜಾರದ ಕಂಬಕ್ಕೆ, ಅಡಿಕೆ ಮೂಟೆಗೆ, ನೆಂಟರು ಜಗಲಿಯಲ್ಲಿ ಇಳಿಸಿದ ಚೀಲಕ್ಕೆ ಕಾಲೆತ್ತಲು ತೊಡಗುತ್ತದೆ. ಮನೆಯವರು ಇದನ್ನು ಹಟವೆಂದೋ ಸೇಡೆಂದೋ ಭಾವಿಸಿ ಹೊಡೆಯುತ್ತಾರೆ. ಇದು ಎರಡೂ ಅಲ್ಲ. ನಾಯಿ ತನ್ನ ವಾಸನೆಯನ್ನು ಅಲ್ಲಿ ಬರೆದಿಡುತ್ತಿದೆ, ಆ ವಾಸನೆ ಮಾಸಿದಾಗ ಮತ್ತೆ ಬಂದು ತಿದ್ದಿ ಬರೆಯುತ್ತದೆ. ಆದ್ದರಿಂದ ಹಳೆಯ ಬರಹವನ್ನು ಪೂರ್ತಿಯಾಗಿ ಅಳಿಸುವುದು, ಬರೆಯಲು ಬೇರೊಂದು ಜಾಗ ಕೊಡುವುದು, ಈ ಎರಡು ಕೆಲಸಗಳು ಒಟ್ಟಿಗೆ ನಡೆದರೆ ಮಾತ್ರ ಅಭ್ಯಾಸ ಬಿಡುತ್ತದೆ.

ಮೊದಲು ಇದು ಗುರುತು ಹಾಕುವ ಮೂತ್ರವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗುರುತು ಹಾಕುವ ನಾಯಿ ಕಂಬ, ಗೋಡೆಯ ಮೂಲೆ, ಕುರ್ಚಿಯ ಕಾಲು ಮುಂತಾದ ನೆಟ್ಟಗಿರುವ ವಸ್ತುಗಳನ್ನು ಮೂಸಿ ನೋಡಿ, ಕಾಲೆತ್ತಿ, ಕೆಲವೇ ಹನಿಗಳನ್ನು ಬಿಡುತ್ತದೆ. ನೆಲದ ನಡುವೆ ದೊಡ್ಡ ಮಡುವೇ ಕಂಡುಬಂದರೆ, ಮಲಗಿದ್ದಲ್ಲೇ ಹಾಸಿಗೆ ಒದ್ದೆಯಾಗಿದ್ದರೆ, ಅಥವಾ ಯಜಮಾನನನ್ನು ಕಂಡ ಕೂಡಲೇ ಮೈ ಕುಗ್ಗಿಸಿ ಒಂದಿಷ್ಟು ಸುರಿಸಿದರೆ ಕಾರಣವೇ ಬೇರೆ, ಪರಿಹಾರವೂ ಬೇರೆ. ಮೂತ್ರ ಮಾಡಲು ತಿಣುಕುವುದು, ಮೂತ್ರದಲ್ಲಿ ರಕ್ತ, ಎಂದಿಗಿಂತ ಹೆಚ್ಚು ನೀರು ಕುಡಿಯುವುದು, ವಯಸ್ಸಾದ ನಾಯಿಯಲ್ಲಿ ದಿಢೀರನೆ ಈ ಚಾಳಿ ಶುರುವಾಗುವುದು, ಇವುಗಳಲ್ಲಿ ಯಾವುದು ಕಂಡರೂ ತರಬೇತಿಯ ಮಾತು ಬದಿಗಿಟ್ಟು ಪಶುವೈದ್ಯರ ಬಳಿ ಹೋಗಬೇಕು. ಮೂತ್ರನಾಳದ ಸೋಂಕು, ಮೂತ್ರಕೋಶದ ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇವೆಲ್ಲವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ.

ನಮ್ಮ ಭಾಗದವರು ಇನ್ನೂ ಒಂದು ವಿಷಯವನ್ನು ನೆನಪಿಡಬೇಕು. ಇಲಿಜ್ವರವೆಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಮಳೆಗಾಲದ ಒದ್ದೆ ನೆಲದಲ್ಲಿ ಹರಡುವ ಕಾಯಿಲೆ. ನಾಯಿಗೆ ಅದು ತಗುಲಿದರೆ ಅದರ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಗದ್ದೆ, ತೋಟ ಸುತ್ತುವ ನಾಯಿಗೆ ಪ್ರತಿ ವರ್ಷ ಈ ಲಸಿಕೆ ಹಾಕಿಸುವುದು, ಮನೆಯೊಳಗಿನ ಮೂತ್ರವನ್ನು ಒರೆಸುವಾಗ ಕೈಗವಸು ತೊಡುವುದು, ಇವೆರಡನ್ನೂ ತಪ್ಪಿಸಬಾರದು.

ವಾಸನೆಯನ್ನು ಅಳಿಸುವುದು

ಹೆಚ್ಚಿನ ಮನೆಗಳಲ್ಲಿ ಪ್ರಯತ್ನ ಸೋಲುವುದು ಇಲ್ಲಿಯೇ. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ನಾನು ದಿನವೂ ಫಿನಾಯಿಲ್ ಹಾಕಿ ಕಂಬದ ಬುಡ ತೊಳೆದೆ, ನಾಯಿ ದಿನವೂ ಅದೇ ಕಂಬಕ್ಕೆ ಕಾಲೆತ್ತಿತು. ಫಿನಾಯಿಲ್ ನಮ್ಮ ಮೂಗಿಗೆ ಮೂತ್ರದ ವಾಸನೆಯನ್ನು ಮರೆಮಾಡುತ್ತದೆಯೇ ಹೊರತು, ಮರದ ಒಳಗೆ ಇಳಿದಿರುವುದನ್ನು ಒಡೆಯುವುದಿಲ್ಲ. ನಾಯಿಯ ಮೂಗಿಗೆ ಅದು ಹಾಗೆಯೇ ತಿಳಿಯುತ್ತದೆ. ಅಲ್ಲದೆ ಕಪ್ಪು ಫಿನಾಯಿಲ್ ಸೋಕಿದ ಪಾದವನ್ನು ನಾಯಿ ನೆಕ್ಕಿದರೆ ಅದಕ್ಕೆ ಹಾನಿ, ಮನೆಯಲ್ಲಿ ಬೆಕ್ಕಿದ್ದರೆ ಅಪಾಯ ಇನ್ನೂ ಹೆಚ್ಚು. ಅಮೋನಿಯಾ ಇರುವ ದ್ರಾವಣಗಳಂತೂ ಬೇಡವೇ ಬೇಡ. ಮೂತ್ರವೂ ಹಳತಾದಂತೆ ಅಮೋನಿಯಾ ವಾಸನೆಯನ್ನೇ ಬಿಡುವುದರಿಂದ, ಅದು ನಾಯಿಯನ್ನು ಅಲ್ಲಿಗೇ ಕರೆದಂತಾಗುತ್ತದೆ. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ಸುರಿದರೆ ವಿಷಕಾರಿ ಅನಿಲ ಹೊರಡುತ್ತದೆ.

ಬೇಕಾದದ್ದು ಸಾಕುಪ್ರಾಣಿಗಳ ಮೂತ್ರಕ್ಕೆಂದೇ ಮಾರುವ ಎನ್‌ಜೈಮ್ ದ್ರಾವಣ, ಅಂದರೆ ವಾಸನೆ ಬಿಡುವ ಮೂತ್ರದ ಅಂಶವನ್ನೇ ಒಡೆದುಹಾಕುವ ದ್ರಾವಣ. ಇದು ಶಿವಮೊಗ್ಗದಂತಹ ಊರಿನ ಸಾಕುಪ್ರಾಣಿ ಸಾಮಗ್ರಿಗಳ ಅಂಗಡಿಗಳಲ್ಲಿ ಕೇಳಿದರೆ ಸಿಗಬಹುದು, ಇಲ್ಲವಾದರೆ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಹಸಿ ಮೂತ್ರವಾದರೆ ಉಜ್ಜದೆ ಬಟ್ಟೆಯಿಂದ ಒತ್ತಿ ಹೀರಿಸಿ, ಬರಿಯ ನೀರಿನಿಂದ ಎರಡು ಬಾರಿ ಒರೆಸಿ, ಹಿಂದೆ ಹಾಕಿದ ಫಿನಾಯಿಲಿನ ಅಂಶ ಉಳಿದಿದ್ದರೆ ಅದನ್ನೂ ತೊಳೆದು ತೆಗೆದ ನಂತರವೇ ದ್ರಾವಣ ಹಾಕಬೇಕು, ಏಕೆಂದರೆ ಬೇರೆ ರಾಸಾಯನಿಕ ಉಳಿದಿದ್ದರೆ ಎನ್‌ಜೈಮ್ ಕೆಲಸ ಮಾಡುವುದಿಲ್ಲ. ಹಾಕಿದ ಕೂಡಲೇ ಒರೆಸಬಾರದು. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಜಾಗ ಒದ್ದೆಯಾಗಿಯೇ ಇರಬೇಕು, ಆಮೇಲೆ ಫ್ಯಾನ್ ಹಾಕಿ ಒಣಗಿಸಬೇಕು.

ನೆಲ ಎಂಥದು ಎಂಬುದರ ಮೇಲೆ ಕೆಲಸ ಬದಲಾಗುತ್ತದೆ. ಎಣ್ಣೆ ಬಳಿಯದ ಹಳೆಯ ಮರದ ಕಂಬ ಮೂತ್ರವನ್ನು ಹೀರಿಕೊಂಡಿರುವುದರಿಂದ ದ್ರಾವಣವನ್ನು ಎರಡು ಮೂರು ಬಾರಿ ಹಾಕಿ, ಚೆನ್ನಾಗಿ ಒಣಗಿದ ಮೇಲೆ ಬುಡಕ್ಕೆ ವಾರ್ನಿಷ್ ಹಚ್ಚುವುದು ಒಳ್ಳೆಯದು. ಕೆಂಪು ಗಾರೆಯ ನೆಲಕ್ಕೆ ವಿನೆಗರ್ ಅಥವಾ ನಿಂಬೆರಸ ಹಾಕಿದರೆ ಹುಳಿ ತಾಗಿ ಹೊಳಪು ಹೋಗುತ್ತದೆ. ಸಗಣಿ ಸಾರಿಸಿದ ಮಣ್ಣಿನ ನೆಲವಾದರೆ ದ್ರಾವಣದ ಗೊಡವೆಗೆ ಹೋಗದೆ, ಆ ಭಾಗದ ಮಣ್ಣನ್ನು ಕೆತ್ತಿ ತೆಗೆದು ಹೊಸ ಮಣ್ಣು ತುಂಬಿ ಸಾರಿಸುವುದೇ ಸರಿ. ಗೋಣಿಚೀಲ, ಕಂಬಳಿಗಳನ್ನು ತೊಳೆದು ಬಿಸಿಲಿಗೆ ಹಾಕಬೇಕು, ತೀರಾ ಹಳೆಯ ಗೋಣಿಯನ್ನು ಎಸೆಯುವುದು ಮೇಲು.

ಇಷ್ಟು ಹೇಳಲು ಕಾರಣವಿದೆ. ಒಣಗಿ ಉಳಿದ ಮೂತ್ರದ ಅಂಶ ಬೇಸಿಗೆಯಲ್ಲಿ ಸುಮ್ಮನಿದ್ದು, ಆರಿದ್ರಾ, ಪುನರ್ವಸು ಮಳೆಗಳಲ್ಲಿ ಗಾಳಿಯ ತೇವ ತಾಗಿದೊಡನೆ ಮತ್ತೆ ವಾಸನೆ ಬಿಡುತ್ತದೆ. ಹಳೆಯ ಕಲೆಗಳನ್ನು ಹುಡುಕಲು ಅಲ್ಟ್ರಾವಯಲೆಟ್ ಟಾರ್ಚ್ ಸಹಾಯಕ. ರಾತ್ರಿ ದೀಪ ಆರಿಸಿ ನೆಲದಿಂದ ಎರಡು ಅಡಿ ಎತ್ತರದವರೆಗೆ ಬೆಳಕು ಹಾಯಿಸಿದರೆ ಮೂತ್ರ ಬಿದ್ದ ಜಾಗ ಹಳದಿ ಮಿಶ್ರಿತ ಹಸಿರಾಗಿ ಮಿನುಗುತ್ತದೆ. ಸಿಕ್ಕ ಜಾಗಗಳಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ಹಗಲಿನಲ್ಲಿ ತೊಳೆಯಿರಿ.

ಹೊರಗೊಂದು ಜಾಗ

ಸುರಿಯುವ ಮಳೆಯಲ್ಲಿ ಅಂಗಳಕ್ಕೆ ಇಳಿಯಲು ಅನೇಕ ನಾಯಿಗಳು ಒಪ್ಪುವುದಿಲ್ಲ. ಹೊಸಿಲಿನಲ್ಲೇ ನಿಂತು ಹಿಂದಿರುಗಿ, ಹತ್ತು ನಿಮಿಷದಲ್ಲಿ ಕಂಬ ಹುಡುಕುತ್ತವೆ. ಅದಕ್ಕಾಗಿ ಸೂರಿನ ಕೆಳಗೆ ಅಥವಾ ಕೊಟ್ಟಿಗೆಯ ಪಕ್ಕದಲ್ಲಿ, ಅಡಿಕೆ ದಬ್ಬೆಯ ಮೇಲೆ ಸೋಗೆಯನ್ನೋ ತಗಡನ್ನೋ ಹೊದಿಸಿ ನಾಲ್ಕಡಿ ಚೌಕದ ಒಂದು ಮಾಡು ಮಾಡಿ, ನೆಲಕ್ಕೆ ಮರಳು ಹಾಕಿ, ನಡುವೆ ಒಂದು ಗೂಟ ನೆಡಿ. ನಾಯಿಯ ಮೂತ್ರ ಒರೆಸಿದ ಬಟ್ಟೆಯನ್ನು ಮೊದಲ ಕೆಲವು ದಿನ ಆ ಗೂಟಕ್ಕೆ ಸುತ್ತಿಡಿ. ಬೆಳಗ್ಗೆ ಎದ್ದಾಗ, ಪ್ರತಿ ಊಟದ ನಂತರ, ಮಲಗುವ ಮುನ್ನ, ಆರಂಭದಲ್ಲಿ ಎರಡು ಮೂರು ಗಂಟೆಗೊಮ್ಮೆ, ಹಗ್ಗ ಹಿಡಿದು ನೀವೇ ಅಲ್ಲಿಗೆ ಕರೆದೊಯ್ಯಬೇಕು. ಗುರುತು ಹಾಕುವ ನಾಯಿ ಒಂದೇ ಸಲಕ್ಕೆ ಎಲ್ಲವನ್ನೂ ಬಿಡುವುದಿಲ್ಲವಾದ್ದರಿಂದ ಎರಡು ಮೂರು ಬಾರಿ ಕಾಲೆತ್ತುವವರೆಗೆ ಕಾಯಿರಿ. ಮುಗಿದ ಕ್ಷಣದಲ್ಲೇ, ಅಲ್ಲಿಯೇ, ಬೇಯಿಸಿದ ಮೊಟ್ಟೆಯ ಚೂರನ್ನೋ ಮೀನಿನ ತುಣುಕನ್ನೋ ಕೊಟ್ಟು ಹೊಗಳಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ಅದು ತಿಳಿಯುತ್ತದೆ.

ಒಳಗೆ ಇರುವಾಗ

ಮೊದಲ ನಾಲ್ಕರಿಂದ ಆರು ವಾರ ನಾಯಿ ಮನೆಯೊಳಗೆ ನಿಮ್ಮ ಕಣ್ತಪ್ಪಬಾರದು. ಆರಡಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡುವುದು ಸುಲಭದ ಉಪಾಯ. ಒಂದೇ ಕಡೆ ಹೆಚ್ಚು ಹೊತ್ತು ಮೂಸುವುದು, ಕಂಬಕ್ಕೆ ಪಕ್ಕೆ ಕೊಟ್ಟು ನಿಲ್ಲುವುದು ಕಂಡರೆ ಹೆಸರು ಹಿಡಿದು ಕರೆದು ಮಾಡಿನ ಕಡೆ ನಡೆಸಿ. ಆಗಿಹೋದ ಮೇಲೆ ಬೈಯುವುದರಿಂದ, ಮೂತಿಯನ್ನು ಅದರಲ್ಲಿ ತಿಕ್ಕುವುದರಿಂದ ನಾಯಿ ಕಲಿಯುವುದು ಒಂದೇ: ನಿಮ್ಮ ಎದುರಿನಲ್ಲಿ ಮೂತ್ರ ಮಾಡಬಾರದು ಎಂದು. ಆಮೇಲೆ ಅದು ಅಟ್ಟದ ಮೆಟ್ಟಿಲ ಹಿಂದೆ, ಮಂಚದ ಕೆಳಗೆ ಕದ್ದು ಮಾಡುತ್ತದೆ, ಅಂಗಳದಲ್ಲಿಯೂ ನಿಮ್ಮ ಮುಂದೆ ಮಾಡಲು ಹೆದರುತ್ತದೆ.

ನೆಂಟರ ಚೀಲ, ಚಪ್ಪಲಿ, ಹೊಸ ಪೀಠೋಪಕರಣಗಳ ಪರಿಚಯವಿಲ್ಲದ ವಾಸನೆ ನಾಯಿಯನ್ನು ಕೆಣಕುತ್ತದೆ, ಅವು ಎತ್ತರದಲ್ಲಿರಲಿ. ಜಗಲಿಯ ಸಂದಿಯಿಂದ ಬೀದಿನಾಯಿಗಳು ಕಂಡಾಗಲೆಲ್ಲ ಕಾಲೆತ್ತುತ್ತಿದ್ದರೆ ಕೆಳಭಾಗಕ್ಕೆ ಚಾಪೆ ಕಟ್ಟಿ, ಬೀದಿನಾಯಿಗಳು ಗುರುತು ಹಾಕಿದ ಗೇಟನ್ನೂ ತೊಳೆಯಿರಿ. ಚೆನ್ನಾಗಿ ತೊಳೆದ ಜಾಗದಲ್ಲಿ ನಾಯಿಯ ಊಟದ ತಟ್ಟೆ ಇಟ್ಟರೆ ಸಾಮಾನ್ಯವಾಗಿ ಅಲ್ಲಿ ಅದು ಹೇಸಿಗೆ ಮಾಡುವುದಿಲ್ಲ. ಹೊಟ್ಟೆಗೆ ಸುತ್ತುವ ಬಟ್ಟೆಯ ಪಟ್ಟಿ ನೆಂಟರು ಬಂದ ದಿನ ಉಪಯೋಗಕ್ಕೆ ಬಂದರೂ ಅದು ಅಭ್ಯಾಸ ಬಿಡಿಸುವ ಸಾಧನವಲ್ಲ. ಒದ್ದೆ ಪಟ್ಟಿಯನ್ನು ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಚರ್ಮ ಹುಣ್ಣಾಗುತ್ತದೆ.

ಶಸ್ತ್ರಚಿಕಿತ್ಸೆಯ ಮಾತು

ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಅರ್ಧಕ್ಕಿಂತ ಹೆಚ್ಚು ಗಂಡುನಾಯಿಗಳಲ್ಲಿ ಈ ಚಾಳಿ ಗಮನಾರ್ಹವಾಗಿ ಇಳಿಯುತ್ತದೆ. ಪೂರ್ತಿ ನಿಲ್ಲುವುದು ಕೆಲವುಗಳಲ್ಲಿ ಮಾತ್ರ, ಅದೂ ವಾರಗಳಿಂದ ತಿಂಗಳುಗಳ ಅವಧಿಯಲ್ಲಿ. ವರ್ಷಗಟ್ಟಲೆ ರೂಢಿಯಾಗಿದ್ದರೆ ಮೇಲೆ ಹೇಳಿದ ಕೆಲಸಗಳೂ ಜೊತೆಗೆ ನಡೆಯಲೇಬೇಕು. ದೊಡ್ಡ ತಳಿಯ ನಾಯಿಗಳಿಗೆ ಮೈ ಬೆಳೆದು ಮುಗಿದ ಮೇಲೆ ಮಾಡಿಸುವಂತೆ ವೈದ್ಯರು ಹೇಳುವುದುಂಟು. ಇದನ್ನು ಮಾಡಿಸಿದರೆ ನಾಯಿ ತೋಟ ಕಾಯುವುದಿಲ್ಲವೆಂಬ ಭಯ ನಮ್ಮಲ್ಲಿ ಬಲವಾಗಿದೆ. ಅಪರಿಚಿತರಿಗೆ ಬೊಗಳುವ, ಮನೆ ಕಾಯುವ ಸ್ವಭಾವಕ್ಕೆ ಅದರಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಮೈ ಬರುವುದು ಮಾತ್ರ ನಿಜ, ಹಾಗಾಗಿ ಅನ್ನವನ್ನು ಸ್ವಲ್ಪ ಕಡಿಮೆ ಮಾಡಬೇಕು. ಗಾಯವನ್ನು ಹತ್ತರಿಂದ ಹದಿನಾಲ್ಕು ದಿನ ಒಣಗಿಟ್ಟುಕೊಳ್ಳಬೇಕಾದ್ದರಿಂದ ತುರ್ತಿಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಮಾಡಿಸುವುದು ಮಲೆನಾಡಿನವರಿಗೆ ಅನುಕೂಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಅಭ್ಯಾಸ ಬಿಟ್ಟಿತೆಂದು ಅನ್ನಿಸಿದ ಮೇಲೂ, ಮುಂದಿನ ವರ್ಷ ಮೃಗಶಿರಾ ಮಳೆ ಹಿಡಿದ ವಾರ ಒಂದು ರಾತ್ರಿ ಟಾರ್ಚ್ ಹಿಡಿದು ಅದೇ ಕಂಬಗಳ ಬುಡವನ್ನು ನೋಡಿ. ತೇವಕ್ಕೆ ವಾಸನೆ ಮರಳಿದ ಜಾಗಕ್ಕೆ, ನಾಯಿ ಅದನ್ನು ಮೂಸುವ ಮೊದಲೇ, ಇನ್ನೊಮ್ಮೆ ದ್ರಾವಣ ಹಾಕಿ.