ಮೂಲೆ ಮತ್ತು ಅಂಚು: ಎಂಜಿನಿಯರಿಂಗ್‌ನ ನನ್ನ ಮೊದಲ ವರ್ಷ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, 2022ರಲ್ಲಿ ಸಿಇಟಿಯ ಮೂಲಕ ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದೆ. ಪಿಯುಸಿಯಲ್ಲಿ ಪುಸ್ತಕಗಳು ಇಂಗ್ಲಿಷಿನಲ್ಲಿದ್ದರೂ ಪಾಠ ನಡೆಯುತ್ತಿದ್ದುದು ಕನ್ನಡದಲ್ಲಿ. ಉತ್ತರಗಳನ್ನು ಬಾಯಿಪಾಠ ಮಾಡಿ ಬರೆದರೆ ಅಂಕಗಳು ಬರುತ್ತಿದ್ದವು. ಹೀಗಾಗಿ ನನಗೆ ಇಂಗ್ಲಿಷ್ ಬರುತ್ತದೆ ಎಂದೇ ನಾನು ತಿಳಿದಿದ್ದೆ.

ಮೊದಲ ವರ್ಷದ ವಿಷಯಗಳನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಗುಂಪು ಮಾಡಿರುತ್ತಾರೆ; ನಮಗೆ ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಸೈಕಲ್ ಬಂದಿತ್ತು. ಅದರಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕೂಡ ಸೇರಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಪ್ರತಿ ವಿಷಯದ 100 ಅಂಕಗಳಲ್ಲಿ ಅರ್ಧ ಇಂಟರ್ನಲ್ಸ್‌ಗೆ, ಅಂದರೆ ಸೆಮಿಸ್ಟರಿನುದ್ದಕ್ಕೂ ಕಾಲೇಜೇ ನಡೆಸುವ ಟೆಸ್ಟು ಮುಂತಾದವಕ್ಕೆ, ಉಳಿದರ್ಧ ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ ಮೀಸಲು. ಇಂಟರ್ನಲ್ಸ್‌ನ 50ರಲ್ಲಿ ಕನಿಷ್ಠ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತೆಯೇ ಇಲ್ಲ. ಈ ಲೆಕ್ಕ ನನಗೆ ತಿಳಿದದ್ದು ಡ್ರಾಯಿಂಗ್‌ನ ಮೊದಲ ಟೆಸ್ಟಿನಲ್ಲಿ ಹೀನಾಯವಾದ ಅಂಕ ಬಂದ ಮೇಲೆ.

ಆ ಟೆಸ್ಟಿನಲ್ಲಿ ಐದು ಬಾಹುಗಳ ತಗಡೊಂದು ತನ್ನ ಒಂದು ಮೂಲೆಯ ಮೇಲೆ ನಿಂತಿದೆಯೆಂದೂ ಅದರ ಮೈ ನೆಲಕ್ಕೆ 45 ಡಿಗ್ರಿ ಓರೆಯಾಗಿದೆಯೆಂದೂ ಕೊಟ್ಟು, ಚಿತ್ರ ಬರೆಯಲು ಕೇಳಿದ್ದರು. ಪ್ರಶ್ನೆಯಲ್ಲಿದ್ದ ಪದ ‘ಕಾರ್ನರ್’. ನಾನು ಅದನ್ನು ಓದಿ, ಬರೆದದ್ದು ಮಾತ್ರ ‘ಎಡ್ಜ್’ನ ಮೇಲೆ, ಅಂದರೆ ಅಂಚಿನ ಮೇಲೆ ನಿಂತ ತಗಡನ್ನು. ಈ ಲೆಕ್ಕಗಳಲ್ಲಿ ಮೊದಲ ನಿಲುವು ತಪ್ಪಿದರೆ ಮುಂದಿನ ಗೆರೆಗಳೆಲ್ಲ ಎಷ್ಟು ಅಚ್ಚುಕಟ್ಟಾಗಿದ್ದರೂ ವ್ಯರ್ಥ. ಮೂಲೆ ಯಾವುದು, ಅಂಚು ಯಾವುದು ಎಂಬುದು ಗೊತ್ತಿಲ್ಲದವನೇನೂ ನಾನಲ್ಲ. ಆದರೆ ಗಡಿಬಿಡಿಯಲ್ಲಿ ಆ ಎರಡು ಇಂಗ್ಲಿಷ್ ಪದಗಳು ನನ್ನ ತಲೆಯಲ್ಲಿ ಒಂದೇ ಆಗಿಬಿಟ್ಟಿದ್ದವು.

ಅಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಕುಳಿತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದುತ್ತಾ ಎಡವಿದ ಪದಗಳಿಗೆ ಗೆರೆ ಎಳೆದೆ. ಪಾರಿಭಾಷಿಕ ಪದಗಳ ಕೆಳಗೆ ಗೆರೆ ಬೀಳುತ್ತದೆಂದು ನಾನು ಎಣಿಸಿದ್ದೆ. ಬಿದ್ದದ್ದು ಸಣ್ಣ ಪದಗಳ ಕೆಳಗೆ. ‘ರೆಸ್ಟಿಂಗ್ ಆನ್’, ‘ಸಚ್ ದಟ್’, ‘ರೆಸ್ಪೆಕ್ಟಿವ್ಲಿ’, ‘ನೆಗ್ಲೆಕ್ಟಿಂಗ್’. ಪಾರಿಭಾಷಿಕ ಪದಗಳನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ, ಈ ಸಣ್ಣವನ್ನು ಯಾರೂ ವಿವರಿಸುವುದಿಲ್ಲ. ಮರುದಿನದಿಂದ ನೋಟ್‌ಬುಕ್ಕಿನ ಪ್ರತಿ ಪುಟದ ಬಲಗಡೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಪಾಠದಲ್ಲಿ ಹಿಡಿಯಲಾಗದ ಪದವನ್ನು ಕೇಳಿಸಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಅಲ್ಲಿ ಗೀಚಿ, ಸಂಜೆ ಅದರ ಅರ್ಥ ಹುಡುಕತೊಡಗಿದೆ. ಇಡೀ ಪಾಠವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಕೂರುವ ಹಳೆಯ ಅಭ್ಯಾಸವನ್ನು ಬಿಟ್ಟೆ, ಏಕೆಂದರೆ ಒಂದು ವಾಕ್ಯವನ್ನು ತಿರುಗಿಸಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಇನ್ನು ಮೂರು ವಾಕ್ಯ ಮುಂದೆ ಹೋಗಿರುತ್ತಿದ್ದರು.

ಪದಗಳು ಹಿಡಿತಕ್ಕೆ ಬಂದರೂ ಡ್ರಾಯಿಂಗ್ ಪೂರ್ತಿಯಾಗಿ ಬರಲಿಲ್ಲ. ವಸ್ತುವನ್ನು ಮೇಲಿನಿಂದ ನೋಡಿದ ಚಿತ್ರವನ್ನು ಹಾಳೆಯ ಕೆಳಭಾಗದಲ್ಲಿ ಏಕೆ ಬರೆಯಬೇಕೆಂಬುದು ನನಗೆ ಒಗಟಾಗಿತ್ತು. ಅದನ್ನು ಬಿಡಿಸಿದವರು ನಮ್ಮ ಹಾಸ್ಟೆಲ್ಲಿನಲ್ಲಿದ್ದ, ಕುಷ್ಟಗಿ ಕಡೆಯ ಒಬ್ಬ ಸೀನಿಯರ್. “ತಲಿ ಕೆಡಿಸ್ಕೋಬ್ಯಾಡ ತಮ್ಮಾ, ಇಲ್ನೋಡು” ಎಂದು ಅವರು ನೋಟ್‌ಬುಕ್ಕೊಂದನ್ನು ತೆರೆದು ಮೇಜಿನ ತುದಿಗೆ ತಂದು, ಅದರ ಒಂದು ರಟ್ಟನ್ನು ಗೋಡೆಯಂತೆ ನೆಟ್ಟಗೆ ಹಿಡಿದು, ಇನ್ನೊಂದನ್ನು ನೆಲದಂತೆ ಅಡ್ಡಕ್ಕೆ ಚಾಚಿದರು. ನಡುವೆ ಬೆಂಕಿಪೊಟ್ಟಣ ಇಟ್ಟರು. ಎದುರಿನಿಂದ ನೋಡಿದಾಗ ಕಾಣುವ ಆಕಾರ ಹಿಂದಿನ ಗೋಡೆಯ ಮೇಲೆ ಬೀಳುತ್ತದೆ, ಮೇಲಿನಿಂದ ನೋಡಿದಾಗ ಕಾಣುವುದು ಕೆಳಗಿನ ನೆಲದ ಮೇಲೆ ಬೀಳುತ್ತದೆ. ಪೆನ್ಸಿಲ್ಲಿನಿಂದ ಎರಡನ್ನೂ ಗುರುತು ಹಾಕಿ, ಪೊಟ್ಟಣ ತೆಗೆದು, ನೆಲದಂತಿದ್ದ ರಟ್ಟನ್ನು ಕೆಳಕ್ಕೆ ಇಳಿಬಿಟ್ಟರು. ಮೇಲಿನ ನೋಟ ತಾನಾಗಿಯೇ ಎದುರಿನ ನೋಟದ ಕೆಳಗೆ ಹೋಗಿ ಕುಳಿತಿತು. ನಡುವಿನ ಮಡಿಕೆಯೇ ನಾವು ದಿನವೂ ಎಳೆಯುತ್ತಿದ್ದ ಎಕ್ಸ್-ವೈ ಗೆರೆ. ಮೂರು ವಾರಗಳ ಕ್ಲಾಸಿನಲ್ಲಿ ಹೊಳೆಯದ್ದು ಎರಡು ನಿಮಿಷದಲ್ಲಿ ಹೊಳೆಯಿತು. ಮೇಷ್ಟ್ರೂ ಇದನ್ನೇ ಹೇಳಿದ್ದರೆಂಬುದು ಆಮೇಲೆ ನನ್ನ ನೋಟ್ಸ್ ನೋಡಿದಾಗ ಗೊತ್ತಾಯಿತು.

ಇದಾದ ಮೇಲೆ ಸಂದೇಹಗಳನ್ನು ಚೀಟಿಯಲ್ಲಿ ಬರೆದುಕೊಂಡು ಸ್ಟಾಫ್ ರೂಮಿಗೆ ಹೋಗಿ ಕೇಳುವ ಧೈರ್ಯ ಬಂದಿತು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲೇ ಮಾತನಾಡುತ್ತಿದ್ದ ಮೇಡಂ ಅಲ್ಲಿ “ಕನ್ನಡದಲ್ಲೇ ಕೇಳಪ್ಪ” ಎಂದಾಗ, ಎರಡು ತಿಂಗಳು ಸುಮ್ಮನೆ ಹೆದರಿ ಕಳೆದೆನಲ್ಲ ಎನಿಸಿತು. ನನ್ನ ಕನ್ನಡವೂ ಮೈಸೂರಿನಲ್ಲಿ ಬೇರೆಯದೇ ಆಗಿತ್ತೆನ್ನಿ. ನಾನು ಗೌರವದಿಂದ ‘ಹೌದ್ರಿ’ ಎಂದರೆ ಸಹಪಾಠಿಗಳು ನಗುತ್ತಿದ್ದರು, ಅವರು ಸಲಿಗೆಯಿಂದ ‘ಕಣೋ’ ಎಂದರೆ ನನಗೆ ಸಿಟ್ಟು ಬರುತ್ತಿತ್ತು. ಕೇರಳದಿಂದ ಬಂದಿದ್ದ ರೂಂಮೇಟ್, ಕನ್ನಡ ಬಾರದವರಿಗಿರುವ ‘ಬಳಕೆ ಕನ್ನಡ’ ಪಠ್ಯಕ್ಕಾಗಿ ನನ್ನಿಂದ ಕನ್ನಡ ಕಲಿತು, ಮೈಸೂರಿನ ಅಂಗಡಿಗಳಲ್ಲೆಲ್ಲ ‘ಎಷ್ಟ್ರೀ’ ಎಂದು ಕೇಳುತ್ತಾ ತಿರುಗಿದ. ನನಗೆ ಕಂಪ್ಯೂಟರ್‌ನಲ್ಲಿ ಗೆರೆ ಎಳೆಯುವುದನ್ನು ಹೇಳಿಕೊಟ್ಟವನು ಅವನೇ. ಊಟದ ವಿಷಯ ಹೆಚ್ಚು ಹೇಳುವಂಥದ್ದಲ್ಲ: ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಊರಿನಿಂದ ಮರಳುವಾಗ, ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ತಿಂಗಳ ಮಟ್ಟಿಗೆ ಸಾಕಾಗುತ್ತಿತ್ತು.

ಡ್ರಾಯಿಂಗ್ ಪಾಸಾಯಿತು, ಕೆಮಿಸ್ಟ್ರಿಯೂ ಆಯಿತು. ಗಣಿತ ಮಾತ್ರ ಬ್ಯಾಕ್ ಉಳಿಯಿತು, ಅಂದರೆ ಮತ್ತೆ ಬರೆಯಬೇಕಾಯಿತು, ಮತ್ತು ಅದಕ್ಕೆ ಇಂಗ್ಲಿಷ್ ಕಾರಣವಲ್ಲ. ಪಿಯುಸಿಯಲ್ಲಿ ಒಂದೆರಡು ಕಠಿಣ ಅಧ್ಯಾಯಗಳನ್ನು ಬಿಟ್ಟು ಓದಿದರೂ ನಡೆಯುತ್ತಿತ್ತು. ಇಲ್ಲಿ ಪಠ್ಯ ಐದು ಮಾಡ್ಯೂಲ್‌ಗಳಾಗಿರುತ್ತದೆ. ಪ್ರತಿಯೊಂದರಿಂದ ಎರಡು ಪೂರ್ಣ ಪ್ರಶ್ನೆ ಕೊಟ್ಟು ಒಂದನ್ನು ಬರೆಯಲು ಹೇಳುತ್ತಾರೆ, ಒಂದಕ್ಕೆ 20 ಅಂಕ; ಹೀಗೆ 100ಕ್ಕೆ ಬರೆಸಿ, ಬಂದ ಅಂಕವನ್ನು ಆಮೇಲೆ 50ಕ್ಕೆ ಇಳಿಸುತ್ತಾರೆ. ನಾನು ಎರಡು ಮಾಡ್ಯೂಲ್‌ಗಳನ್ನು ಮುಟ್ಟಿಯೇ ಇರಲಿಲ್ಲ. ಅಂದರೆ ಪೆನ್ನು ಹಿಡಿಯುವ ಮೊದಲೇ 100ರಲ್ಲಿ 40 ಕೈಬಿಟ್ಟು, ಉಳಿದ 60ರಲ್ಲಿ ಪಾಸಿಗೆ ಬೇಕಾದ 35 ಗಳಿಸುವ ಪಂದ್ಯಕ್ಕೆ ಇಳಿದಿದ್ದೆ. ಎರಡನೆಯ ಸಲ ಕುಳಿತಾಗ ಐದರಲ್ಲಿಯೂ ಮೊದಲ ಅರ್ಧವನ್ನಾದರೂ ಬಿಡಿಸುವಷ್ಟು ಸಿದ್ಧನಾಗಿ ಹೋಗಿ ಪಾಸಾದೆ. ಪಾರ್ಷಿಯಲ್ ಡಿಫರೆನ್ಸಿಯೇಷನ್ ಇದ್ದ ಎರಡನೆಯ ಮಾಡ್ಯೂಲನ್ನು ನಾನು ನಿಜವಾಗಿ ಅರ್ಥ ಮಾಡಿಕೊಂಡಿದ್ದೇನೆ ಎಂದು ಈಗಲೂ ಹೇಳಲಾರೆ; ಥರ್ಮೊಡೈನಮಿಕ್ಸ್ ಪಾಠದಲ್ಲಿ ಅದು ಮತ್ತೆ ಎದುರಾದಾಗ, ನೋಟ್‌ಬುಕ್ಕಿನ ಬಲಗಡೆಯ ಖಾಲಿ ಜಾಗದಲ್ಲಿ ಬರೆದುಕೊಳ್ಳುವುದು ಇನ್ನೂ ಬಹಳ ಉಳಿದಿರುತ್ತದೆ.